ಒಂದೇ ಆರ್‌ಎಕ್ಸ್ 100, ಮೂರು ಬಗೆಯ ಟ್ಯೂನಿಂಗ್: ದಾವಣಗೆರೆ–ದುರ್ಗದ ರಸ್ತೆಯಲ್ಲಿ ಕಂಡ ವ್ಯತ್ಯಾಸ

ಸೋದರಮಾವನವರ ಮನೆಯ ಹಿತ್ತಿಲಿನಲ್ಲಿ ಆರೇಳು ವರ್ಷ ತಾಡಪಾಲಿನಡಿ ನಿಂತಿದ್ದ 1994ರ ಯಮಹಾ ಆರ್‌ಎಕ್ಸ್ 100 ನನ್ನ ಪಾಲಿಗೆ ಬಂದಾಗ, ಅದು ನಾಲ್ಕನೇ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ದಾಟಲು ಹೆಣಗುತ್ತಿತ್ತು. ಈ ಗಾಡಿಯ ಪಿಕಪ್ ಬಗ್ಗೆ ನಮ್ಮ ಊರಾದ ದಾವಣಗೆರೆಯಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಕತೆ ಇರುವುದರಿಂದ ಸಲಹೆಗಳಿಗೇನೂ ಬರವಿರಲಿಲ್ಲ. ಒಬ್ಬರು ಚೈನು ಸುತ್ತುವ ಹಲ್ಲುಚಕ್ರವಾದ ಸ್ಪ್ರಾಕೆಟ್ ಬದಲಿಸಿ ಎಂದರು, ಇನ್ನೊಬ್ಬರು ಬ್ಲಾಕಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಪೋರ್ಟ್, ಅಂದರೆ ಅದರ ಗೋಡೆಯ ಕಿಂಡಿ, ಕೆರೆಸಿ ಎಂದರು, ಮತ್ತೊಬ್ಬರು ಫಿಲ್ಟರನ್ನೇ ಕಿತ್ತೆಸೆಯಿರಿ ಎಂದರು. ಯಾರ ಮಾತನ್ನೂ ತೆಗೆದುಹಾಕದೆ, ಎರಡು ವರ್ಷಗಳ ಅವಧಿಯಲ್ಲಿ ಒಂದೊಂದನ್ನೂ ಅದೇ ಗಾಡಿಯ ಮೇಲೆ, ಅದೇ ರಸ್ತೆಯಲ್ಲಿ ಮಾಡಿ ನೋಡಿದೆ. ಅವುಗಳಿಂದ ನನಗೆ ದೊರೆತ ಫಲವನ್ನು ಇಲ್ಲಿ ಹೋಲಿಸಿದ್ದೇನೆ.

ಅಳೆದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಸೀಟಿನ ಮೇಲೆ ಕುಳಿತವನ ಅನುಭವ ಬಹಳ ಮೋಸ ಮಾಡುತ್ತದೆ; ಸದ್ದು ಜೋರಾದರೆ ವೇಗವೂ ಹೆಚ್ಚಿದಂತೆ ತೋರುತ್ತದೆ. ಆನಗೋಡಿನಿಂದ ಭರಮಸಾಗರದ ಕಡೆಗೆ ಹೋಗುವ ದಾರಿಯಲ್ಲಿ ನೇರವಾದ ಒಂದು ತುಣುಕನ್ನು ಗೊತ್ತುಮಾಡಿಕೊಂಡು, ಬೆಳಗಿನ ಹೊತ್ತು, ನಾಲ್ಕನೇ ಗೇರಿನಲ್ಲಿ 40ರಿಂದ 70ಕ್ಕೆ ಏರಲು ಎಷ್ಟು ಸೆಕೆಂಡು ಬೇಕೆಂಬುದನ್ನು ಹಿಂದೆ ಕುಳಿತ ನನ್ನ ತಮ್ಮನು ಮೊಬೈಲಿನಲ್ಲಿ ಅಳೆಯುತ್ತಿದ್ದ. ದುರ್ಗದ, ಅಂದರೆ ಚಿತ್ರದುರ್ಗದ, ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಒಂದು ದಿನ ಹೋಗುವಾಗಿನ ಲೆಕ್ಕಕ್ಕೂ ಬರುವಾಗಿನ ಲೆಕ್ಕಕ್ಕೂ ಮೂರು ಸೆಕೆಂಡಿನ ಅಂತರ ಬಂದಿತು. ಆಮೇಲೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದುಕೊಳ್ಳುವುದನ್ನು ನಿಯಮ ಮಾಡಿಕೊಂಡೆ. ಮೈಲೇಜಿಗೆ ಟ್ಯಾಂಕ್ ಖಾಲಿ ಮಾಡಿ, ಒಂದು ಲೀಟರ್ ಸುರಿದು, ಗಾಡಿ ನಿಲ್ಲುವವರೆಗೆ ಓಡಿಸುವ ಹಳೆಯ ಪದ್ಧತಿಯನ್ನೇ ಅನುಸರಿಸಿದೆ.

ಮೊದಲನೆಯ ದಾರಿಯನ್ನು ಟ್ಯೂನಿಂಗ್ ಎಂದು ಕರೆಯಲು ಹಲವರು ಒಪ್ಪುವುದಿಲ್ಲ. ಪಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿ ಟು-ಸ್ಟ್ರೋಕ್ ಗಾಡಿಗಳನ್ನಷ್ಟೇ ಮುಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ಇದ್ದಾರೆ. ಪೋರ್ಟ್ ಕೆರೆಸುವ ಮಾತನ್ನು ನಾನು ತೆಗೆದ ಕೂಡಲೇ ಅವರು, “ಮೊದ್ಲು ಕಂಪ್ನಿ ಕೊಟ್ಟಿದ್ದು ವಾಪಸ್ ತಗಳ್ರಿ ಸಾರ್, ಆಮ್ಯಾಲೆ ಹೊಸಾದು ಕೇಳೀರಂತೆ” ಎಂದು ಸೈಲೆನ್ಸರ್ ಬಿಚ್ಚಲು ಕುಳಿತರು. ಅದರ ಒಳಗಿನ ತೂತುಗಳ ಕೊಳವೆಯನ್ನು ಎಳೆದಾಗ ತೂತುಗಳೇ ಕಾಣಲಿಲ್ಲ. ಡಾಂಬರಿನಂಥ ಕಪ್ಪು ಅಂಟು ಅರ್ಧ ಬೆರಳು ದಪ್ಪಕ್ಕೆ ಮೆತ್ತಿಕೊಂಡಿತ್ತು. ಬ್ಲಾಕಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ನೋಡಿದರೆ, ಬ್ಲಾಕಿನ ಎಕ್ಸಾಸ್ಟ್ ಪೋರ್ಟಿನ ಸುತ್ತ ಇಂಗಾಲ ಗಟ್ಟಿಯಾಗಿ ಕುಳಿತು, ಹೊಗೆ ಹೊರಹೋಗುವ ಬಾಯಿಯೇ ಕಿರಿದಾಗಿತ್ತು. ಆಯಿಲ್ ಪಂಪಿನ ಕೇಬಲ್ ತಪ್ಪು ಗುರುತಿನಲ್ಲಿದ್ದು, ಪೆಟ್ರೋಲಿನೊಡನೆ ಉರಿಯುವ ಟು-ಟಿ ಆಯಿಲ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತಿದ್ದುದೇ ಇದಕ್ಕೆಲ್ಲ ಮೂಲ.

ನನಗೆ ಹೆಚ್ಚು ಅಚ್ಚರಿ ತಂದದ್ದು ರೀಡ್ ವಾಲ್ವ್. ಕಾರ್ಬೊರೇಟರಿಗೂ ಬ್ಲಾಕಿಗೂ ನಡುವೆ ಇರುವ ಈ ಪುಟ್ಟ ಗೂಡಿನಲ್ಲಿ ತೆಳುವಾದ ಎಲೆಗಳು ಇರುತ್ತವೆ. ಅವು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಟ್ಟು, ಪಿಸ್ಟನ್ ಕೆಳಗಿಳಿಯುವಾಗ ಅದು ಹಿಂದಕ್ಕೆ ಹೋಗದಂತೆ ಮುಚ್ಚಿಕೊಳ್ಳುತ್ತವೆ. ಮೇಸ್ತ್ರಿ ಆ ಗೂಡನ್ನು ಬಿಸಿಲಿಗೆ ಹಿಡಿದು ನನ್ನ ಕಣ್ಣಿನ ಹತ್ತಿರ ತಂದರು. ಒಂದು ಎಲೆಯ ಮೂಲೆ ಚಕ್ಕೆ ಎದ್ದು, ಅಲ್ಲಿಂದ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತಿತ್ತು. ಕಿಕ್ ಹೊಡೆದರೆ ಬೇಗ ಹತ್ತದಿರುವುದಕ್ಕೂ, ಕೆಳಗಿನ ವೇಗದಲ್ಲಿ ಪುಲ್ಲಿಂಗ್ ಇಲ್ಲದಿರುವುದಕ್ಕೂ ಆ ಬೆಳಕಿನ ಎಳೆಯೇ ಬಹುಮಟ್ಟಿಗೆ ಕಾರಣವಾಗಿತ್ತು. ಎಲೆಗಳು, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು, ಫಿಲ್ಟರಿನ ಸ್ಪಂಜು, ಪ್ಲಗ್ ಇವನ್ನು ಹೊಸದಾಗಿ ಹಾಕಿ, ಕಾರ್ಬೊರೇಟರ್ ತೊಳೆದು, ಇಂಗಾಲ ಕೆರೆದು ಮುಗಿಸುವಷ್ಟರಲ್ಲಿ ಐದು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಖರ್ಚಾಯಿತು. ಮೊದಲು 70 ಮುಟ್ಟುತ್ತಲೇ ಇರದಿದ್ದ ಗಾಡಿ ಈಗ 40ರಿಂದ 70ಕ್ಕೆ ಎಂಟೂವರೆ ಸೆಕೆಂಡಿನಲ್ಲಿ ಏರಿತು. ಲೀಟರಿಗೆ 31 ಕಿ.ಮೀ. ಇದ್ದದ್ದು 43ಕ್ಕೆ ಬಂತು. ಮುಂದಿನ ಎರಡು ಪ್ರಯೋಗಗಳನ್ನೂ ಈ ಸ್ಥಿತಿಗೆ ಹೋಲಿಸಿಯೇ ಅಳೆದಿದ್ದೇನೆ. ತುಕ್ಕು ಹಿಡಿದ ಸ್ಥಿತಿಗೆ ಹೋಲಿಸಿದರೆ ಏನು ಮಾಡಿದರೂ ಪವಾಡವೇ ಆಗಿ ಕಾಣುತ್ತದೆ.

ಎರಡನೆಯದು ಸ್ಪ್ರಾಕೆಟ್. ಮುಂದಿನ ಚಿಕ್ಕ ಸ್ಪ್ರಾಕೆಟ್ಟಿನಲ್ಲಿ 14 ಹಲ್ಲಿನ ಬದಲು 13 ಹಲ್ಲಿನದನ್ನು ಹಾಕಿದರೆ ಹಿಂದಿನ ಚಕ್ರಕ್ಕೆ ತಲುಪುವ ತಿರುಚುಬಲ ಸುಮಾರು ಶೇ 7.7ರಷ್ಟು ಹೆಚ್ಚುತ್ತದೆ, ಅದೇ ವೇಗಕ್ಕೆ ಇಂಜಿನ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ತಿರುಗಬೇಕಾಗುತ್ತದೆ. ಇಂಜಿನ್ನಿನ ಒಳಗೆ ಒಂದು ತಿರುಪನ್ನೂ ಮುಟ್ಟದೆ, ಕೆಲವು ನೂರು ರೂಪಾಯಿಗೆ, ಅರ್ಧ ಗಂಟೆಯಲ್ಲಿ ಮುಗಿಯುವ ಈ ಕೆಲಸದಿಂದ 40–70ರ ಲೆಕ್ಕ 7.4 ಸೆಕೆಂಡಿಗೆ ಇಳಿಯಿತು. ಈ ಗಾಡಿಯ ಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ಮೀಟರ್ ಸುಳ್ಳು ಹೇಳಿತೆಂಬ ಅನುಮಾನಕ್ಕೂ ಎಡೆಯಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕೆ.ಆರ್. ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಎರಡನೇ ಗೇರಿನಲ್ಲೇ ನುಸುಳುವಾಗ ಇದರ ಸುಖ ಚೆನ್ನಾಗಿ ತಿಳಿಯುತ್ತದೆ. ಆದರೆ ಹೆದ್ದಾರಿಯಲ್ಲಿ 75ರ ಮೇಲೆ ಹ್ಯಾಂಡಲ್ಲಿನಲ್ಲಿ ನಡುಕ ಹೆಚ್ಚಿತು, ಮೈಲೇಜು 40ಕ್ಕೆ ಇಳಿಯಿತು, ಚಿಕ್ಕ ಸುತ್ತಿನಲ್ಲಿ ಬಳುಕಬೇಕಾದ್ದರಿಂದ ಚೈನೂ ಬೇಗ ಸವೆಯುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಹೋಗಿಬರುವವರಿಗೆ ಇದು ಲಾಭದ ವ್ಯವಹಾರ. ವಾರಕ್ಕೊಮ್ಮೆ ಬೆಂಗಳೂರಿಗೆ ಓಡಿಸುವವರಿಗೆ ಹಾಗಲ್ಲ.

ನಡುವೆ ಎರಡು ವಾರ ಫಿಲ್ಟರ್ ಪೆಟ್ಟಿಗೆ ತೆಗೆದು, ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸಿಕೊಂಡೂ ಓಡಾಡಿದೆ. ಅದು ಮೆಕ್ಕೆಜೋಳದ ಒಕ್ಕಣೆಯ ಕಾಲ. ರಸ್ತೆಯ ಅಂಚಿನಲ್ಲೇ ಕಾಳು ಹರಡಿ ಒಣಗಿಸುವ ದಿನಗಳು. ಸೆಕೆಂಡಿನ ಲೆಕ್ಕದಲ್ಲಿ ಅಳೆಯುವಷ್ಟು ವ್ಯತ್ಯಾಸವೇನೂ ಬರಲಿಲ್ಲ, ಆದರೆ ಕಾರ್ಬೊರೇಟರಿನ ಬಾಯಿಯ ಒಳಗೆ ಬೆರಳಾಡಿಸಿದಾಗ ನಯವಾದ ಪುಡಿ ಅಂಟಿತು. ಆ ಸಂಜೆಯೇ ಹಳೆಯ ಪೆಟ್ಟಿಗೆಯನ್ನು ಮರಳಿ ಕೂರಿಸಿದೆ. ನಮ್ಮ ಧೂಳಿನಲ್ಲಿ ಇದನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ.

ಮೂರನೆಯದೇ ಎಲ್ಲರೂ ಕೇಳುವ ದಾರಿ: ಪೋರ್ಟ್ ಕೆರೆಸುವುದು, ಹೆಡ್ ತೇಯಿಸುವುದು, ಹೊಟ್ಟೆ ಉಬ್ಬಿದ ಸೈಲೆನ್ಸರ್, ಅಂದರೆ ಎಕ್ಸ್‌ಪಾನ್ಷನ್ ಚೇಂಬರ್ ಹಾಕುವುದು. ಮೂಲ ಬ್ಲಾಕನ್ನು ಕೆಡಿಸುವ ಮನಸ್ಸಾಗದೆ, ಗುಜರಿಯಲ್ಲಿ ಸಿಕ್ಕ ಇನ್ನೊಂದು ಬ್ಲಾಕನ್ನೂ ಹೆಡ್ಡನ್ನೂ ಕೊಂಡುಕೊಂಡೆ. ಇದು ನಾನು ಮಾಡಿದ ಒಂದೇ ಜಾಣತನವೆಂದು ಆಮೇಲೆ ಅನ್ನಿಸಿತು. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದೂವರೆ ಮಿ.ಮೀ. ಎತ್ತರಿಸಿ, ಅಂಚುಗಳನ್ನು ನಯಗೊಳಿಸಿದೆವು. ಪಿಸ್ಟನ್ 50 ಮಿ.ಮೀ. ಓಡುವ ಈ ಇಂಜಿನ್ನಿನಲ್ಲಿ, ಪೋರ್ಟ್ ಒಂದು ಮಿ.ಮೀ. ಎತ್ತರವಾದರೆ ಅದು ತೆರೆದಿರುವ ಅವಧಿ ಸುಮಾರು ಐದು ಡಿಗ್ರಿಯಷ್ಟು ಹೆಚ್ಚುತ್ತದೆ. ನಮ್ಮದು ಏಳು ಡಿಗ್ರಿಯಷ್ಟಾಯಿತು. ಹೆಡ್ಡಿನಿಂದ ಅರ್ಧ ಮಿ.ಮೀ. ತೇಯಿಸಿದ್ದರಿಂದ ಮಿಶ್ರಣ ಅದುಮಿ ಕೂರುವ ಜಾಗ ಸುಮಾರು ಒಂದು ಸಿ.ಸಿ.ಯಷ್ಟು ಕುಗ್ಗಿತು. ಅಳತೆ ಚಿಕ್ಕದಾಗಿ ಕಂಡರೂ ಗಾಡಿಯ ಸ್ವಭಾವವನ್ನು ಅವು ಬದಲಿಸಿಬಿಡುತ್ತವೆ.

ಏಕೆ ಬದಲಿಸುತ್ತವೆ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಮಿಶ್ರಣ ಒಳಗೆ ಬರುತ್ತಿರುತ್ತದೆ, ಅದರಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಗೆ ಜಾರುತ್ತದೆ. ಎಕ್ಸ್‌ಪಾನ್ಷನ್ ಚೇಂಬರಿನ ಕೊನೆಯ ಕಿರಿದಾಗುವ ಶಂಕು ಒತ್ತಡದ ಅಲೆಯನ್ನು ಹಿಂದಕ್ಕೆ ತಿರುಗಿಸಿ, ಹಾಗೆ ಜಾರಿದ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮೊದಲು ಒಳಕ್ಕೆ ನೂಕುತ್ತದೆ. ಆದರೆ ಆ ಅಲೆ ಸರಿಯಾದ ಗಳಿಗೆಗೆ ಬಂದು ಮುಟ್ಟುವುದು ಇಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ತಿರುಗುವಾಗ ಮಾತ್ರ. ಅದಕ್ಕಿಂತ ಕೆಳಗೆ ಅದು ಬೇಗ ಬಂದು ಕೆಲಸ ಕೆಡಿಸುತ್ತದೆ. ಪೋರ್ಟ್ ಬೇಗ ತೆರೆದುಕೊಳ್ಳುವುದರಿಂದ ಪಿಸ್ಟನ್ನನ್ನು ಕೆಳಗೆ ತಳ್ಳುವ ಉರಿಯ ಬಲವೂ ಬೇಗ ಸೋರಿಹೋಗುತ್ತದೆ. ಕಂಪನಿ ಈ 98 ಸಿ.ಸಿ. ಇಂಜಿನ್ನಿಗೆ 7500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿಯನ್ನೂ, ಅದಕ್ಕಿಂತ ಸಾವಿರ ಸುತ್ತು ಕೆಳಗೇ ಗರಿಷ್ಠ ತಿರುಚುಬಲವನ್ನೂ ಇಟ್ಟಿತ್ತು. ನಾವು ಅದನ್ನೆಲ್ಲ ಇನ್ನೂ ಮೇಲಕ್ಕೆ ಎತ್ತಿಟ್ಟೆವು.

ಫಲ ಹೀಗಿತ್ತು. ನಾಲ್ಕನೇ ಗೇರಿನಲ್ಲಿ 40ರಿಂದ 70ಕ್ಕೆ 9.6 ಸೆಕೆಂಡು, ಅಂದರೆ ಸರ್ವೀಸ್ ಮಾಡಿಸಿದ ಮೂಲ ಬ್ಲಾಕಿಗಿಂತಲೂ ಒಂದು ಸೆಕೆಂಡಿಗೂ ಹೆಚ್ಚು ನಿಧಾನ. ಮೊಬೈಲ್ ನೋಡಿ ತಮ್ಮ ನಕ್ಕುಬಿಟ್ಟ. ಆದರೆ ಮೂರನೇ ಗೇರಿನಲ್ಲಿ 50 ದಾಟಿದೊಡನೆ, ಯಾರೋ ಹಿಂದಿನಿಂದ ದೂಡಿದಂತೆ ಗಾಡಿ ಮುನ್ನುಗ್ಗುತ್ತಿತ್ತು. 60ರಿಂದ 85ಕ್ಕೆ ಮೊದಲು ಒಂಬತ್ತು ಸೆಕೆಂಡು ಹಿಡಿಯುತ್ತಿದ್ದದ್ದು ಗೇರು ಇಳಿಸಿ ಏರಿಸಿದಾಗ ಆರಕ್ಕೆ ಬಂತು. ಆ ನುಗ್ಗಿನ ಸುಖವನ್ನು ನಾನು ಅಲ್ಲಗಳೆಯಲಾರೆ. ಉಳಿದ ಎರಡು ದಾರಿಗಳಲ್ಲಿ ಅದರ ಸುಳಿವೂ ಇಲ್ಲ. ಬೆಲೆಯೂ ಹಾಗೆಯೇ ಇತ್ತು: ಮೈಲೇಜು 28, ಊರೊಳಗೆ ಪ್ರತಿ ತಿರುವಿನಲ್ಲೂ ಮೊದಲ ಗೇರು, ಪ್ಲಗ್ಗಿಗೆ ಮೆತ್ತುವ ಕರಿ, ಮತ್ತು ಓಣಿಯ ತುದಿಯಿಂದಲೇ ಮನೆಯವರಿಗೆ ನಾನು ಬಂದದ್ದನ್ನು ಸಾರುವ ಸದ್ದು. ಈ ಸದ್ದು ಬರಿಯ ಮುಜುಗರದ ವಿಷಯವಲ್ಲ. ವಾಹನವನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಹಾಕಬಹುದು. ಹೀಗಾಗಿ ಆ ಸೈಲೆನ್ಸರನ್ನು ಊರೊಳಗೆ ಬಳಸುವುದನ್ನು ತಿಂಗಳೊಳಗೇ ಬಿಟ್ಟೆ.

ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗವಾದ ಜೆಟ್ಟಿನ ವಿಷಯದಲ್ಲಿ ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸ ಬ್ಲಾಕಿಗೆ ತಕ್ಕಂತೆ ಮೇನ್ ಜೆಟ್ಟನ್ನು ಎರಡು ಹಂತ ದೊಡ್ಡದು ಮಾಡಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಪರೀಕ್ಷೆ ಮಾಡಿದ್ದೆವು: ಪೂರ್ತಿ ಆಕ್ಸಲರೇಟರ್ ಕೊಟ್ಟು ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣ ಇಂಜಿನ್ ಆರಿಸಿ, ರಸ್ತೆ ಬದಿಯಲ್ಲೇ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚು. ನಮ್ಮದು ತಿಳಿ ಕಂದು ಬಂದಿತ್ತು. ಸರಿಯಾಯಿತೆಂದು ಮರೆತೆ. ಡಿಸೆಂಬರಿನಲ್ಲಿ ಒಂದು ದಿನ ನಸುಕಿಗೇ ದುರ್ಗಕ್ಕೆ ಹೊರಟೆ. ಆ ಹೊತ್ತಿನ 16 ಡಿಗ್ರಿ ಚಳಿಯ ಗಾಳಿ, ಏಪ್ರಿಲ್ಲಿನ 38 ಡಿಗ್ರಿ ಬಿಸಿಲಿನ ಗಾಳಿಗಿಂತ ಶೇ 7–8ರಷ್ಟು ದಟ್ಟ. ಜೆಟ್ಟು ಮಾತ್ರ ಅದಕ್ಕೆ ಸರಿಸಮನಾಗಿ ಪೆಟ್ರೋಲ್ ಹೆಚ್ಚಿಸಿ ಕೊಡುವುದಿಲ್ಲ. ಹೀಗೆ ಬೇಸಿಗೆಯಲ್ಲಿ ಹದವಾಗಿದ್ದ ಮಿಶ್ರಣ ಚಳಿಗಾಲದಲ್ಲಿ ತೆಳುವಾಗಿ, ಇಂಜಿನ್ನಿನ ಒಳಬಿಸಿ ಏರುತ್ತದೆ. ನಮ್ಮ ಊರಿನಿಂದ ದುರ್ಗಕ್ಕೆ ನೂರು ಮೀಟರಿಗೂ ಮಿಕ್ಕಿದ ನಿಧಾನವಾದ ಏರು ಇರುವುದರಿಂದ, ಆಕ್ಸಲರೇಟರನ್ನು ಇಳಿಸದೆ ಬಹಳ ಹೊತ್ತು ಹಿಡಿದೇ ಇದ್ದೆ. ಭರಮಸಾಗರ ಇನ್ನೂ ಮುಂದಿರುವಾಗ ಇಂಜಿನ್ನಿನ ದನಿ ಇದ್ದಕ್ಕಿದ್ದಂತೆ ಕುಗ್ಗಿ, ಹಿಂದಿನ ಚಕ್ರ ಕಿರುಗುಟ್ಟಿ ಕಟ್ಟಿಕೊಂಡಿತು. ಬಲಗೈಗಿಂತ ಮೊದಲು ಎಡಗೈ ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ.

ಬಿಚ್ಚಿದಾಗ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರುಗಳು, ಬ್ಲಾಕಿನ ಗೋಡೆಗೆ ಕರಗಿ ಅಂಟಿದ ಅಲ್ಯೂಮಿನಿಯಂ. ಬೋರ್ ಹೊಡೆಸಿ (ಬ್ಲಾಕಿನ ಒಳಗೋಡೆ ಕೊರೆಸಿ), ಅರ್ಧ ಮಿ.ಮೀ. ದಪ್ಪನೆಯ 0.50 ಓವರ್‌ಸೈಜ್ ಪಿಸ್ಟನ್ ಕಿಟ್ ಹಾಕಿಸಬೇಕಾಯಿತು. ಲೇತಿನ ಕೆಲಸ, ಬ್ಲಾಕು, ಸೈಲೆನ್ಸರು, ಈ ಕಿಟ್ಟು ಎಲ್ಲ ಕೂಡಿ ಮೂರನೆಯ ದಾರಿಯ ಖರ್ಚು ಮೊದಲನೆಯದರ ಮೂರು ಪಟ್ಟನ್ನು ಮೀರಿತು. ಸ್ಪ್ರಾಕೆಟ್ಟಿನ ಖರ್ಚನ್ನು ಇದರ ಪಕ್ಕದಲ್ಲಿಟ್ಟು ಬರೆಯಲು ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗಾಡಿಯ ಮೇಲೆ ಈಗ ಇರುವುದು ಮೂಲ ಬ್ಲಾಕು, ಮೂಲ ಸೈಲೆನ್ಸರು, ಮುಂದೆ 13 ಹಲ್ಲಿನ ಸ್ಪ್ರಾಕೆಟ್ಟು. ನಾನು ದಿನವೂ ಓಡಿಸುವುದು 30ರಿಂದ 65ರ ನಡುವೆ. ಆ ಅಂತರದಲ್ಲಿ ಈ ಜೋಡಿಯನ್ನು ಕೆರೆಸಿದ ಬ್ಲಾಕು ಸೋಲಿಸಿದ್ದಿಲ್ಲ. ಸದಾ 70ರ ಮೇಲೆಯೇ ಓಡಿಸುವವರ, ಮೈಲೇಜಿನ ಚಿಂತೆಯಿಲ್ಲದವರ ಉತ್ತರ ಬೇರೆಯೇ ಆಗಬಹುದು. ಆದರೆ ಅವರೂ ಪೋರ್ಟನ್ನು ಒಂದು ಮಿ.ಮೀ. ಎತ್ತರಿಸಿ ಮೊದಲು ಓಡಿಸಿ ನೋಡುವುದು ಮೇಲು, ಏಕೆಂದರೆ ಕೆರೆದ ಲೋಹವನ್ನು ಮರಳಿ ಹಚ್ಚಲಾಗದು.

ಕೆರೆಸಿದ ಬ್ಲಾಕನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಗ್ಯಾಸ್ಕೆಟ್ ಹೊಸದು ಸಿಕ್ಕರೆ ಅದನ್ನು ಮತ್ತೆ ಕೂರಿಸುವುದು ಒಂದು ಬೆಳಗಿನ ಕೆಲಸ. ಮೂಲ ಸೈಲೆನ್ಸರಿನೊಡನೆ ಅದು ಹೇಗೆ ಓಡುತ್ತದೆಂಬುದನ್ನು ಇನ್ನೂ ಅಳೆದಿಲ್ಲ; ಬರುವ ಡಿಸೆಂಬರಿನ ನಸುಕಿನಲ್ಲಿ, ಒಂದು ಹಂತ ದೊಡ್ಡ ಜೆಟ್ಟಿನಿಂದ ಶುರುಮಾಡಿ, ಆನಗೋಡಿನ ಅದೇ ತುಣುಕಿನಲ್ಲಿ ಪ್ಲಗ್ಗಿನ ಬಣ್ಣ ನೋಡುವುದೆಂದು ತಮ್ಮನೊಡನೆ ಮಾತಾಗಿದೆ.