ಮೊಮೆಟಾಸೋನ್ ಮೂಗಿನ ಸ್ಪ್ರೇ: ಔಷಧಿ ಒಳ್ಳೆಯದೇ, ಹೊಡೆದುಕೊಳ್ಳುವ ರೀತಿ ಸರಿಯಿರಬೇಕು

‘ಎರಡು ದಿನ ಹಾಕಿದೆ, ಏನೂ ಆಗಲಿಲ್ಲ’ ಎಂಬುದು ಈ ಸ್ಪ್ರೇ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು. ಎರಡು ದಿನಕ್ಕೆ ಪೂರ್ತಿ ಗುಣ ಕಾಣುವುದೂ ಇಲ್ಲ. ಮೂಗು ಕಟ್ಟಿದಾಗ ಬಿಡುವ ಆಕ್ಸಿಮೆಟಾಜೋಲಿನ್ ಹನಿ ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿ ಉಸಿರು ಸರಾಗ ಮಾಡುತ್ತದೆ. ದಿನಗಟ್ಟಲೆ ಬಿಟ್ಟರೆ ತಾನೇ ಮೂಗು ಕಟ್ಟಿಸುತ್ತದೆ. ಮೊಮೆಟಾಸೋನ್ ಒಳಗಿನ ಊತವನ್ನೇ ಇಳಿಸುವ ಸ್ಟೀರಾಯ್ಡ್. ಪೂರ್ತಿ ಫಲಕ್ಕೆ ಒಂದೆರಡು ವಾರ ದಿನವೂ ತಪ್ಪದೆ ಹಾಕಬೇಕು. ಧೂಳು, ಕಾಂಗ್ರೆಸ್ ಗಿಡದ ಪರಾಗದಿಂದ ವರ್ಷವರ್ಷವೂ ಸೀನುವವರು ಆ ಕಾಲಕ್ಕೆ ಎರಡು ವಾರ ಮುಂಚೆಯೇ ಶುರುಮಾಡಿದರೆ ಇನ್ನೂ ಒಳ್ಳೆಯದು.

ಒಂದು ಸ್ಪ್ರೇಗೆ 50 ಮೈಕ್ರೋಗ್ರಾಂ. ಅಲರ್ಜಿ ನೆಗಡಿಗೆ ದೊಡ್ಡವರು ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಎರಡು, ಹತೋಟಿಗೆ ಬಂದಮೇಲೆ ಒಂದೊಂದು. ಹನ್ನೆರಡರೊಳಗಿನ ಮಕ್ಕಳಿಗೆ ವೈದ್ಯರು ಹೇಳಿದರೆ ಮಾತ್ರ, ಒಂದೊಂದೇ.

ಹೊಸ ಬಾಟಲಿಯಾದರೆ ತುಂತುರು ಸಮನಾಗಿ ಬರುವವರೆಗೆ ಗಾಳಿಯಲ್ಲಿ ಹತ್ತು ಸಲ ಒತ್ತಿ. ಔಷಧಿ ತಳಕ್ಕೆ ಕೂರುವುದರಿಂದ ಪ್ರತಿಸಲವೂ ಅಲುಗಾಡಿಸಿ. ಮೂಗು ಸೀದಿಕೊಂಡು ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ಕೈ ಬದಲಾಯಿಸಿದರೆ ನಳಿಕೆ ತಾನಾಗಿ ಕಿವಿಯ ಕಡೆಗೆ ತಿರುಗುತ್ತದೆ. ಇದೇ ಮುಖ್ಯ: ಮೂಗಿನ ನಡುಗೋಡೆಗೆ ದಿನವೂ ಬಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ಅಪರೂಪಕ್ಕೆ ತೂತೂ ಬೀಳಬಹುದು. ಜೋರಾಗಿ ಎಳೆದುಕೊಳ್ಳಬೇಡಿ. ಗಂಟಲಲ್ಲಿ ರುಚಿ ತಿಳಿದರೆ ಔಷಧಿ ಅಲ್ಲಿಗೇ ಇಳಿದಿದೆ ಎಂದರ್ಥ. ನಳಿಕೆ ಕಟ್ಟಿದರೆ ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಪಿನ್ನು ಚುಚ್ಚಿದರೆ ರಂಧ್ರ ಅಗಲವಾಗಿ ಅಳತೆ ಕೆಡುತ್ತದೆ.

‘ಸ್ಟೀರಾಯ್ಡ್’ ಎಂದ ಕೂಡಲೇ ಮುಖ ಊದುವ ಭಯ ಬರುತ್ತದೆ, ಆದರೆ ಅದು ತಿಂಗಳುಗಟ್ಟಲೆ ನುಂಗುವ ಮಾತ್ರೆಯ ಕಥೆ. ಇದರಲ್ಲಿ ರಕ್ತ ಸೇರುವುದು ಶೇ. 1ಕ್ಕಿಂತ ಕಡಿಮೆ. ಹಾಗೆಂದು ಪೂರಾ ನಿರ್ಲಕ್ಷ್ಯವೂ ಸಲ್ಲ. ಗ್ಲಾಕೋಮಾ, ಕಣ್ಣಿನ ಪೊರೆ ಇರುವವರು ಕಣ್ಣು ತೋರಿಸುತ್ತಿರಬೇಕು, ವರ್ಷಗಟ್ಟಲೆ ಹಾಕುವ ಮಕ್ಕಳ ಎತ್ತರ ಅಳೆಯುತ್ತಿರಬೇಕು. ಮೂಗಿನ ಆಪರೇಷನ್ ಆಗಿದ್ದರೆ ಗಾಯ ಮಾಯುವವರೆಗೆ ಬೇಡ. ಕ್ಷಯವಿದ್ದರೆ ಮೊದಲು ವೈದ್ಯರಿಗೆ ಹೇಳಿ.

120 ಸ್ಪ್ರೇ ಬಾಟಲಿ ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯುತ್ತದೆ. ತಳದಲ್ಲಿ ದ್ರವ ಉಳಿದಿದ್ದರೂ ಆಮೇಲೆ ಬರುವ ಅಳತೆಯನ್ನು ನಂಬುವಂತಿಲ್ಲ, ಎಸೆದುಬಿಡಿ.