ಸ್ಟೀರಿಯೊ ಹಾಕಿಸಿದ ಮೇಲೆ ಪದೇ ಪದೇ ಬ್ಯಾಟರಿ ಡೌನ್: ಬಳ್ಳಾರಿಯಲ್ಲಿ ಸರಿ ಮಾಡಿಕೊಟ್ಟ ಚಾಚಾ

ಮೊದಲೇ ಹೇಳಿಬಿಡುತ್ತೇನೆ, ಸ್ಟೀರಿಯೊ ಸೆಟ್ ಚೆನ್ನಾಗಿಯೇ ಇದೆ. ಕೆಟ್ಟಿದ್ದು ಅದನ್ನು ಕೂರಿಸಿದ ಕೆಲಸ.

ನಮ್ಮದು 2015ರ ವ್ಯಾಗನ್ ಆರ್. ಏಪ್ರಿಲ್‌ನಲ್ಲಿ ಬಳ್ಳಾರಿಯ ಒಂದು ಅಂಗಡಿಯಲ್ಲಿ (ಹೆಸರು ಬೇಡ) ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು, ಹಾಡು ಬಂತು, ದುಡ್ಡು ಕೊಟ್ಟು ಬಂದೆ. ಶನಿವಾರ ಸಂಜೆ ಮನೆ ಮುಂದೆ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಅಂತು. ಅವತ್ತೇ ಅವ್ವನನ್ನು ವಿಮ್ಸ್ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಮೊಣಕಾಲು ನೋವು, ಹತ್ತಿ ಕೂತವಳನ್ನು ಮತ್ತೆ ಇಳಿಸಲು ಮನಸ್ಸು ಬರಲಿಲ್ಲ, ಓಣಿಯ ಹುಡುಗರು ಅವಳು ಒಳಗಿರುವಾಗಲೇ ತಳ್ಳಿದರು, ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟಾಗ ಗಾಡಿ ಎದ್ದಿತು. ಆಸ್ಪತ್ರೆ ಮುಂದೆ ಇಂಜಿನ್ ಆಫ್ ಮಾಡಲೂ ಭಯ.

ಅಂಗಡಿಗೆ ಫೋನ್ ಮಾಡಿದರೆ 'ಬ್ಯಾಟರಿ ಹೋಗಿದೆ ಸರ್, ಬದಲಾಯಿಸಿ' ಅಂದರು. ಬ್ಯಾಟರಿ ಹಾಕಿಸಿ ಒಂದೇ ವರ್ಷ ಆಗಿತ್ತು. ಎರಡು ಸಲ ಚಾರ್ಜ್ ಮಾಡಿಸಿದೆ, ಎರಡು ಸಲವೂ ಅದೇ ಕತೆ. ಜೊತೆಗೆ ಎಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರ್‌ನಲ್ಲಿ ಕುಯ್ಯ್ ಅಂತ ಒಂದು ಸದ್ದು.

ಕೊನೆಗೆ ಲಾರಿ ಓಡಿಸುವ ಗೆಳೆಯ ಸಿರುಗುಪ್ಪ ರಸ್ತೆ ಕಡೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದ. ಬೋರ್ಡ್ ಇಲ್ಲ, ಬೇವಿನ ಮರದ ಕೆಳಗೊಂದು ತಗಡಿನ ಶೆಡ್, ಎಲ್ಲರೂ ಕರೆಯೋದು ಚಾಚಾ ಅಂತಲೇ. ನಾನು ಹೋದ ತಕ್ಷಣ 'ಬ್ಯಾಟರಿ ಬದಲಾಯಿಸಬೇಕಾ ಚಾಚಾ?' ಅಂದೆ. 'ಮೊದಲು ಮೀಟರ್ ಏನು ಹೇಳ್ತದೆ ನೋಡೋಣ ಬೇಟಾ' ಅಂದರು. ಇಷ್ಟು ದಿನದಲ್ಲಿ ಯಾರೂ ಹೇಳದ ಮಾತು ಇದು.

ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2 ವೋಲ್ಟ್ ಬಂತು, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ ಇದೆ. ಆಮೇಲೆ ಕೀ ತೆಗೆದು, ಬಾಗಿಲು ಲಾಕ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ನಡುವೆ ಮೀಟರ್ ಹಾಕಿದರು. ಇಪ್ಪತ್ತು ನಿಮಿಷ ಸುಮ್ನೆ ಕೂತೆವು, ಗಾಡಿ ಪೂರ್ತಿ ಮಲಗಬೇಕಂತೆ. ಮೀಟರ್ 0.4 ಆಂಪಿಯರ್‌ನಿಂದ ಕೆಳಗೆ ಇಳಿಯಲೇ ಇಲ್ಲ. ನಿಂತ ಗಾಡಿ 0.05 ಒಳಗೆ ಇರಬೇಕು. ಲೆಕ್ಕ ಹಾಕಿ ನೋಡಿ, ದಿನಕ್ಕೆ ಹತ್ತಿರ ಹತ್ತು ಆಂಪಿಯರ್ ಅವರ್ ಸುಮ್ನೆ ಸೋರುತ್ತಿದೆ, ನಮ್ಮ ಬ್ಯಾಟರಿ ಇರುವುದೇ 35. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋದರು, ರೇಡಿಯೋ ಫ್ಯೂಸ್ ಕಿತ್ತ ಕೂಡಲೇ ಮೀಟರ್ 0.02ಕ್ಕೆ ಬಂತು. ಆ ಫ್ಯೂಸ್ ಕೈಗೆ ಕೊಟ್ಟರು: 15 ಆಂಪಿಯರ್‌ನದು ಇರಬೇಕಾದ ಕಡೆ 30ರದು ಹಾಕಿದ್ದಾರೆ! ಫ್ಯೂಸ್ ಇರುವುದೇ ವೈರ್ ಬಿಸಿಯಾಗುವ ಮೊದಲು ತಾನು ಸುಟ್ಟು ಹೋಗೋಕೆ. ದೊಡ್ಡದು ಹಾಕಿದರೆ ಸುಡುವುದು ವೈರ್. ಅವ್ವನನ್ನು ಕೂರಿಸಿಕೊಂಡು ಓಡಾಡಿದ ಗಾಡಿ ಅದು, ಕೇಳಿ ಎದೆ ಝಲ್ ಅಂತು.

ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಉಳಿದಿದ್ದೂ ಕಂಡಿತು. ಕಂಪನಿ ಕಪ್ಲರ್ (ವೈರ್‌ಗಳನ್ನು ಕತ್ತರಿಸದೆ ಜೋಡಿಸುವ ಪ್ಲಗ್) ಕತ್ತರಿಸಿ, ಸೆಟ್ಟಿನ ಹಳದಿ ವೈರ್ ಮತ್ತು ಕೆಂಪು ವೈರ್ ಎರಡನ್ನೂ ಸೇರಿಸಿ ಯಾವಾಗಲೂ ಕರೆಂಟ್ ಇರುವ ಒಂದೇ ವೈರಿಗೆ ತಿರುಚಿದ್ದರು. ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು, ಗಡಿಯಾರ, ಸ್ಟೇಷನ್ ನೆನಪಿಗೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಎರಡೂ ಒಂದಾದರೆ ಕೀ ತೆಗೆದಿದ್ದು ಸೆಟ್ಟಿಗೆ ಗೊತ್ತೇ ಆಗುವುದಿಲ್ಲ, ಪರದೆ ಕಪ್ಪಾಗಿದ್ದರೂ ಒಳಗೆ ರಾತ್ರಿಯಿಡೀ ಎದ್ದಿರುತ್ತದೆ. ಜಾಯಿಂಟ್‌ಗೆ ಸುತ್ತಿದ ಟೇಪ್ ಅಂಟು ಕರಗಿ ಆಗಲೇ ಜಾರಿತ್ತು. ನಮ್ಮ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡ್ ಮುಟ್ಟೋಕೆ ಆಗಲ್ಲ, ಟೇಪ್ ಎಲ್ಲಿ ನಿಲ್ಲುತ್ತೆ ಅಲ್ವಾ? ಕಪ್ಪು ಅರ್ಥ್ ವೈರನ್ನು ಬಣ್ಣ ಹೊಡೆದ ಲೋಹದ ಪಟ್ಟಿಗೆ ಸ್ಕ್ರೂ ಮಾಡಿದ್ದರು, ಬಣ್ಣದ ಮೇಲೆ ಅರ್ಥ್ ಸರಿಯಾಗಿ ಸಿಗಲ್ಲ, ಕುಯ್ಯ್ ಅನ್ನೋ ಸದ್ದು ಅಲ್ಲಿಂದ.

ಚಾಚಾ ಹೊಸ ಕಪ್ಲರ್ ಹಾಕಿ, ಪ್ರತಿ ಜಾಯಿಂಟಿಗೂ ಬೆಸುಗೆ ಕೊಟ್ಟು ಸ್ಲೀವ್ ಏರಿಸಿದರು, ಅರ್ಥ್ ಜಾಗದ ಬಣ್ಣ ಕೆರೆದರು, 15ರ ಫ್ಯೂಸ್ ಹಾಕಿ ಮತ್ತೆ ಮೀಟರ್ ತೋರಿಸಿದರು. ಎರಡೂವರೆ ಗಂಟೆ ಕೆಲಸ, ಸಾಮಾನು ಸೇರಿ 800 ರೂಪಾಯಿ. ನಾನು ಜಾಸ್ತಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಸ್ಟೀರಿಯೊ ಹಾಕಿಸುವವರು ಅಂಗಡಿಯಲ್ಲೇ ಎರಡು ಮಾತು ಕೇಳಿ: ನನ್ನ ಗಾಡಿಯ ಕಪ್ಲರ್ ಇದೆಯಾ, ವೈರ್ ಕತ್ತರಿಸುತ್ತೀರಾ? ಕತ್ತರಿಸುತ್ತೇವೆ ಅಂದರೆ ಎದ್ದು ಬನ್ನಿ.

ಈಗ ಮೂರು ವಾರ ಆಯಿತು, ಎರಡು ದಿನ ನಿಲ್ಲಿಸಿದರೂ ಅರ್ಧ ಸೆಲ್ಫಿಗೆ ಸ್ಟಾರ್ಟ್. ಹಿಂದಿನ ಬಲಗಡೆ ಸ್ಪೀಕರ್ ಒಂದು ಇನ್ನೂ ಮಧ್ಯೆ ಮಧ್ಯೆ ನಿಲ್ಲುತ್ತದೆ, ಅದಕ್ಕೆ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ನೀವು ಹೋಗುವುದಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ಮರದ ನೆರಳಲ್ಲಿ ಜಾಗ ಸಿಗಲ್ಲ.