ಬ್ರೀದರ್ ಪೈಪ್ ಜಾಗಕ್ಕೆ ವಾಟರ್ ಪೈಪ್ ಹಾಕಿಸಿಕೊಂಡು ನಾನು ಕೆಟ್ಟ ಕಥೆ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರು ಇದನ್ನೊಂದು ಓದಿಬಿಡಿ. 160 ರೂಪಾಯಿಯ ಪೈಪ್ ತುಂಡಿನಿಂದ ನನ್ನ ಜೇಬಿಗೆ 11 ಸಾವಿರ ಚಿಲ್ಲರೆ ಕತ್ತರಿ ಬಿತ್ತು. ಅದಕ್ಕಿಂತ ಹೆಚ್ಚಾಗಿ, ಏನೂ ಆಗದ ಎಂಜಿನ್ನನ್ನು ಬಿಚ್ಚಿಸಿ 48 ಸಾವಿರ ಸುರಿಯೋಕೆ ಹೊರಟಿದ್ದೆ, ಮಾವ ಅಡ್ಡ ಬಂದರು ಅಂತ ಬಚಾವಾದೆ.

ನನ್ನದು 2003ರ ಮಾರುತಿ ಎಸ್ಟೀಮ್. ಅಪ್ಪ ಹೊಸದಾಗಿ ತಗೊಂಡಿದ್ದು, ಆಮೇಲೆ ನನ್ನ ಕೈಗೆ ಬಂತು. ಶಿವಮೊಗ್ಗದಲ್ಲೇ ಓಡಾಟ, ತಿಂಗಳಿಗೊಮ್ಮೆ ಆಗುಂಬೆ ಇಳಿದು ಉಡುಪಿಗೆ ಹೋಗಿಬರುವುದು. ಮಾರು ಅಂತ ಮನೆಯಲ್ಲಿ ಹತ್ತು ಸಲ ಹೇಳಿದ್ದಾರೆ, ನನಗೆ ಮನಸ್ಸಿಲ್ಲ. ಆ ಕಾರಿನ ಸ್ಟಿಯರಿಂಗ್ ಹಿಡಿದವರಿಗೆ ಯಾಕೆ ಅಂತ ಗೊತ್ತಿರುತ್ತೆ.

ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಸಣ್ಣ ತೊಂದರೆ ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಸುಮ್ನೆ ಮೇಲೆ ಕೆಳಗೆ ಆಡುವುದು, ಎಸಿ ಗಾಳಿಯ ಜೊತೆ ಬಿಸಿ ಆಯಿಲ್ ವಾಸನೆ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ತಲೆಯ ಮೇಲಿನ ವಾಲ್ವ್ ಕವರ್ ಸುತ್ತ ಎಣ್ಣೆ ಹತ್ತಿದ ಧೂಳು. ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಹೆಸರು ಬೇಡ, ಯಾಕಂದರೆ ಇದು ಆ ಒಂದು ಗ್ಯಾರೇಜಿನ ಕಥೆ ಮಾತ್ರ ಅಲ್ಲ.

ಅಲ್ಲಿಯ ಹುಡುಗ ಎಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡುವ ಬ್ರೀದರ್ ಪೈಪ್ ಹಿಡಿದು ಒಂದು ಸಲ ಅಲ್ಲಾಡಿಸಿದ, ಅದು ಹಪ್ಪಳದ ಹಾಗೆ ಲಟಕ್ಕಂತ ಮುರಿದು ಕೈಗೆ ಬಂತು. ಇಪ್ಪತ್ತು ವರ್ಷ ಎಂಜಿನ್ ಬಿಸಿಯಲ್ಲಿ ಬೆಂದ ರಬ್ಬರ್, ಅದರದ್ದೇನೂ ತಪ್ಪಿಲ್ಲ. ಪಕ್ಕದ ಸಣ್ಣ ಪೈಪಿನಲ್ಲೂ ಬಿರುಕು. ಕಾರಣ ಸಿಕ್ಕಿತಲ್ಲ ಅಂತ ನನಗೆ ಖುಷಿಯೇ ಆಯಿತು. ಒರಿಜಿನಲ್ ಪೈಪ್ ತರಿಸಿ ಅಂದೆ. "ಎಲ್ಲಿ ಸಿಗುತ್ತೆ ಸಾರ್, ಈ ಗಾಡಿ ಮಾಡೋದು ನಿಂತು ಎಷ್ಟು ವರ್ಷ ಆಯ್ತು" ಅಂತ ಹೇಳಿ ಓನರ್ ಗೋಡೆಗೆ ನೇತು ಹಾಕಿದ್ದ ಕಪ್ಪು ಪೈಪಿನ ಸುರುಳಿಯಿಂದ ಎರಡು ತುಂಡು ಕತ್ತರಿಸಿ, ಕ್ಲಿಪ್ ಹಾಕಿ, ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು. ಪೈಪಿಗೆ 160, ಕೂಲಿ 200. ಆರ್‌ಪಿಎಂ ಅಲ್ಲಾಡದೆ ಒಂದೇ ಕಡೆ ನಿಂತಿತು, ವಾಸನೆಯೂ ಹೋಯಿತು. ನಾನು ಅವರಿಗೆ ಟೀಗೆ ಅಂತ ಇನ್ನೂ ಐವತ್ತು ಕೊಟ್ಟು ಬಂದೆ!

ಗೋಡೆ ಮೇಲಿದ್ದದ್ದು ಹೀಟರ್ ಪೈಪ್. ರೇಡಿಯೇಟರ್ ನೀರು ಓಡಾಡೋಕೆ ಮಾಡಿದ್ದು. ನೋಡೋಕೆ ಎರಡೂ ಒಂದೇ, ಕಪ್ಪು ರಬ್ಬರ್, ಒಳಗೆ ದಾರ. ಆದರೆ ನೀರಿನ ಪೈಪಿಗೆ ಸಾಮಾನ್ಯವಾಗಿ ಬಳಸುವ ರಬ್ಬರ್ ಇಪಿಡಿಎಂ. ಅದು ಬಿಸಿ ನೀರು, ಕೂಲೆಂಟ್ ಎಲ್ಲ ವರ್ಷಗಟ್ಟಲೆ ತಡೆಯುತ್ತೆ, ಎಣ್ಣೆ ಮಾತ್ರ ಅದಕ್ಕೆ ಆಗಿಬರಲ್ಲ. ಆಯಿಲ್ ಹಬೆ ತಾಗಿದರೆ ಉಬ್ಬುತ್ತೆ, ಮೆತ್ತಗಾಗುತ್ತೆ. ಬ್ರೀದರ್ ಪೈಪಿನಲ್ಲಿ ಇಡೀ ದಿನ ಓಡಾಡುವುದೇ ಆಯಿಲ್ ಹಬೆ.

ಈ ಪೈಪು ಯಾಕಿದೆ ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ಮೋಸ ಹೋದೆ. ಎಷ್ಟೇ ಒಳ್ಳೆಯ ಎಂಜಿನ್ ಆದರೂ ಪೆಟ್ರೋಲ್ ಉರಿದಾಗ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಇರುವ ಜಾಗಕ್ಕೆ ನುಗ್ಗುತ್ತೆ. ಅದು ಹೊರಗೆ ಹೋಗಲೇಬೇಕು. ಹಾಗಾಗಿ ವಾಲ್ವ್ ಕವರಿನಿಂದ ಎರಡು ದಾರಿ. ಒಂದು ದಪ್ಪ ಪೈಪ್ ಏರ್ ಫಿಲ್ಟರ್ ಕಡೆಗೆ, ಇನ್ನೊಂದು ಸಣ್ಣದು ಪಿಸಿವಿ ವಾಲ್ವ್ (ಗ್ಯಾಸನ್ನು ಒಂದೇ ಕಡೆಗೆ ಬಿಡುವ ಪುಟ್ಟ ಕವಾಟ) ಮೂಲಕ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ. ನಿಧಾನಕ್ಕೆ ಓಡುವಾಗ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತೆ, ಕೊಳೆ ಗ್ಯಾಸ್ ಸಣ್ಣ ಪೈಪಿನಲ್ಲಿ ಹೋಗುತ್ತೆ, ದಪ್ಪ ಪೈಪಿನಿಂದ ಶುದ್ಧ ಗಾಳಿ ಒಳಗೆ ಬರುತ್ತೆ. ಏರು ಹತ್ತುವಾಗ ಗ್ಯಾಸ್ ಜಾಸ್ತಿ, ಎಳೆತ ಕಡಿಮೆ, ಆಗ ದಪ್ಪ ಪೈಪಿನಲ್ಲೂ ವಾಪಸ್ ಹೊರಗೆ ಬರುತ್ತೆ. ಎರಡೂ ಮುಚ್ಚಿದರೆ? ಕುಕ್ಕರ್ ವಿಷಲ್ ತೂತಿಗೆ ಬೇಳೆ ಕಟ್ಟಿಕೊಂಡರೆ ಏನಾಗುತ್ತೋ ಅದೇ. ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಕಿತ್ತುಕೊಂಡು ಬರುತ್ತೆ.

ನನಗೆ ಎರಡೂ ಮುಚ್ಚಿದ್ದು ನಾಲ್ಕನೇ ತಿಂಗಳಲ್ಲಿ. ಒರಿಜಿನಲ್ ದಪ್ಪ ಪೈಪು ಮೊಣಕೈ ಹಾಗೆ ಬಾಗಿದ ಆಕಾರದಲ್ಲೇ ಅಚ್ಚು ಹಾಕಿದ್ದು. ಇವರು ಹಾಕಿದ್ದು ನೇರ ಪೈಪು, ಬಲವಂತವಾಗಿ ಬಗ್ಗಿಸಿ ಕೂರಿಸಿದ್ದರು. ಗಟ್ಟಿ ಇದ್ದಷ್ಟು ದಿನ ಹೇಗೋ ನಿಂತಿತ್ತು. ಎಣ್ಣೆ ಕುಡಿದು ಮೆತ್ತಗಾದ ಮೇಲೆ ತಿರುವಿನಲ್ಲಿ ಮಡಚಿಕೊಂಡುಬಿಟ್ಟಿದೆ. ಸಣ್ಣದರ ಕಥೆ ಇನ್ನೂ ಕೆಟ್ಟದು. ಆಗುಂಬೆಯ 14 ತಿರುವು ಇಳಿಯುವಾಗ ನಾವೆಲ್ಲ ಏನು ಮಾಡ್ತೀವಿ? ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ಇಳೀತೀವಿ, ಅದೇ ಸರಿಯಾದ ಕ್ರಮ ಕೂಡ. ಆದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿ ಎಂಜಿನ್ ತಿರುಗುತ್ತಿರುವಾಗಲೇ ಮ್ಯಾನಿಫೋಲ್ಡಿನ ಎಳೆತ ತುಂಬಾ ಜಾಸ್ತಿ. ಆ ಎಳೆತಕ್ಕೆ ಮೆತ್ತಗಿನ ಪೈಪು ಹೀರುವ ಕಾಗದದ ಸ್ಟ್ರಾ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿದೆ.

ಇಳಿಯುವಾಗ ನನಗೇನೂ ಗೊತ್ತಾಗಲಿಲ್ಲ. ಸಂಜೆ ವಾಪಸ್ ಘಾಟಿ ಹತ್ತುವಾಗ ಸುಟ್ಟ ಎಣ್ಣೆ ವಾಸನೆ, ಬಾನೆಟ್ ಸಂದಿಯಿಂದ ತೆಳ್ಳಗೆ ಹೊಗೆ. ಮೇಲೆ ಸೂರ್ಯಾಸ್ತ ನೋಡುವ ಜಾಗದ ಹತ್ತಿರ ಪಕ್ಕಕ್ಕೆ ಹಾಕಿ ಬಾನೆಟ್ ತೆಗೆದರೆ ಆಯಿಲ್ ನೋಡುವ ಕಡ್ಡಿ ಮೂರು ಬೆರಳಷ್ಟು ಮೇಲೆದ್ದು ನಿಂತಿದೆ, ಸೈಲೆನ್ಸರ್ ಪೈಪಿನ ಮೇಲೆಲ್ಲ ಆಯಿಲ್ ಸಿಡಿದಿದೆ. ಬೆಂಕಿ ಹತ್ತದಿದ್ದದ್ದು ನನ್ನ ಪುಣ್ಯ. ನಾನು ದಡ್ಡ, ಹೋಗುವಾಗ ಕಡ್ಡಿ ಸರಿಯಾಗಿ ಒತ್ತಿರಲಿಲ್ಲ ಅಂದುಕೊಂಡು ಒತ್ತಿ, ಒರೆಸಿ, ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು ಮನೆಗೆ ಬಂದೆ. ಕಡ್ಡಿ ತಾನಾಗಿ ಏಳಲ್ಲ, ಒಳಗಿನಿಂದ ಯಾರೋ ತಳ್ಳಬೇಕು ಅನ್ನುವುದು ಹೊಳೆಯಲೇ ಇಲ್ಲ ನೋಡಿ.

ವಾರದೊಳಗೆ ಕಾರು ನಿಲ್ಲಿಸುವ ಜಾಗದಲ್ಲಿ ದೋಸೆಯಗಲ ಎಣ್ಣೆ ಕಲೆ. ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಕ್ಲಚ್ ಜಾರಲು ಶುರು. ಈ ಸಲ ಬೇರೆ ಗ್ಯಾರೇಜು, ಸ್ವಲ್ಪ ದೊಡ್ಡದು. ಅವರು ಎಂಜಿನ್ ಚಾಲೂ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗೆದರು. ಪುಸು ಪುಸು ಹೊಗೆ. "ನೋಡಿ ಸಾರ್, ಬ್ಯಾಕ್ ಕಂಪ್ರೆಷನ್. ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು, ಒಟ್ಟು 48 ಆಗುತ್ತೆ." ಅಂದರೆ ರಿಂಗ್ ಸವೆದು ಗ್ಯಾಸ್ ಕೆಳಗೆ ನುಗ್ಗುತ್ತಿದೆ, ಸಿಲಿಂಡರ್ ಕೊರೆಸಬೇಕು ಅಂತ. ಕಣ್ಣಾರೆ ಹೊಗೆ ನೋಡಿದ ಮೇಲೆ ನಾನೇನು ವಾದ ಮಾಡಲಿ? ಎರಡು ದಿನ ಟೈಮ್ ಕೇಳಿ ಬಂದೆ.

ನಮ್ಮ ಸೋದರಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ದುಡ್ಡು ಹೊಂದಿಸೋಕೆ ಅಂತ ಅವರಿಗೆ ಫೋನ್ ಮಾಡಿದ್ದು, ರಿಪೇರಿ ಕೇಳೋಕಲ್ಲ. ಪೂರ್ತಿ ಕೇಳಿಸಿಕೊಂಡು, "ಅಲ್ಲ ಮಾರಾಯ, ಬ್ರೀದರ್ ಬಿಚ್ಚಿ ಊದಿ ನೋಡಿದ್ಯಾ?" ಅಂದರು. ಇಲ್ಲ ಮಾವ ಅಂದೆ. "ಮತ್ತೆ ಎಂಜಿನ್ ಯಾಕೆ ಬಿಚ್ಚಿಸ್ತೀಯ, ಮೂಗು ಕಟ್ಟಿದ್ದಕ್ಕೆ ಶ್ವಾಸಕೋಶ ತೆಗೆಸಿದ ಹಾಗೆ" ಅಂತ ಬೈದು ಫೋನಿಟ್ಟವರು ಭಾನುವಾರ ಬೆಳಿಗ್ಗೆ ಬಸ್ ಹತ್ತಿ ತಾವೇ ಬಂದರು.

ಸಣ್ಣ ಪೈಪ್ ಬಿಚ್ಚಿ ಊದಿದೆ, ಗಾಳಿ ಹೋಗಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ರಬ್ಬರ್ ನೆನೆದ ಚಪಾತಿ ಹಾಗೆ ಊದಿ ಪದರ ಬಿಟ್ಟಿತ್ತು, ಬೆರಳಲ್ಲಿ ಒತ್ತಿದರೆ ಕಪ್ಪು ಮಸಿ. ದಪ್ಪದ್ದು ತಿರುವಿನಲ್ಲಿ ಪೂರ್ತಿ ಮಡಚಿತ್ತು. ಎರಡೂ ತೆಗೆದಿಟ್ಟ ಮೇಲೆ ಮಾವ ಪರಿಚಯದವರಿಂದ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತರಿಸಿ, ಎಂಜಿನ್ ಬಿಸಿ ಮಾಡಿ, ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ ನೋಡಿದರು. ನಾಲ್ಕೂ ಸಿಲಿಂಡರ್ 175 ಪಿಎಸ್‌ಐ ಆಸುಪಾಸು, ಒಂದಕ್ಕೊಂದು ಐದಾರು ಅಷ್ಟೇ ವ್ಯತ್ಯಾಸ. ರಿಂಗ್ ಹೋದ ಎಂಜಿನ್ ಹೀಗಿರಲ್ಲ.

ಅಂದರೆ ಮುಚ್ಚಳ ತೆಗೆದಾಗ ಹೊಗೆ ಬಂದದ್ದು ಸುಳ್ಳಾ? ಸುಳ್ಳಲ್ಲ. ಹೊರಗೆ ಹೋಗಲು ಬೇರೆ ದಾರಿಯೇ ಇಲ್ಲದ ಗ್ಯಾಸ್ ಮುಚ್ಚಳ ತೆಗೆದರೆ ಅಲ್ಲೇ ಬರುತ್ತೆ. ಹಾಗಾಗಿ ಯಾರಾದರೂ ಮುಚ್ಚಳ ತೆಗೆದು ಹೊಗೆ ತೋರಿಸಿ ಬೋರ್ ಅಂದರೆ, ಬ್ರೀದರ್ ಊದಿ ತೋರಿಸಿ, ಕಂಪ್ರೆಷನ್ ನಂಬರ್ ಬರೆದು ಕೊಡಿ ಅಂತ ಕೇಳಿ. ಮುಖ ಸಿಂಡರಿಸಿದರೆ ಗಾಡಿ ತಗೊಂಡು ಬನ್ನಿ.

ಎಂಜಿನ್ ಉಳಿಯಿತು, ಆದರೆ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಆಯಿಲ್ ಸೀಲ್ ಒಳಗಿನ ಒತ್ತಡಕ್ಕೆ ಆಗಲೇ ಹೋಗಿತ್ತು. ಸೀಲ್ ಬೆಲೆ 280 ರೂಪಾಯಿ. ಅದನ್ನು ಮುಟ್ಟಬೇಕೆಂದರೆ ಗೇರ್ ಬಾಕ್ಸ್ ಇಳಿಸಬೇಕು, ಅದಕ್ಕೆ 4,500. ಆಯಿಲ್ ಕುಡಿದ ಕ್ಲಚ್ ಪ್ಲೇಟ್ ತೊಳೆದು ಹಾಕಿದರೆ ಬಾಳಲ್ಲ ಅಂತ ಹೊಸ ಸೆಟ್, 4,200. ಎಂಜಿನ್ ಆಯಿಲ್ 1,600. ಪೈಪು, ಪಿಸಿವಿ ವಾಲ್ವ್ ಸೇರಿ 640. ಮಾವನಿಗೆ ಒಂದು ಊಟ.

ಇನ್ನು, ಸಿಗಲ್ಲ ಅಂದಿದ್ದ ಬಾಗಿದ ಪೈಪು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಮೂರನೇ ಅಂಗಡಿಯಲ್ಲೇ ಸಿಕ್ಕಿತು. ಫೋನಿನಲ್ಲಿ ಕೇಳಿದಾಗ ಇಬ್ಬರು ಇಲ್ಲ ಅಂದಿದ್ದರು. ಮುರಿದ ಹಳೇ ತುಂಡನ್ನು ನಾನು ಅದೃಷ್ಟಕ್ಕೆ ಡಿಕ್ಕಿಯಲ್ಲೇ ಬಿಟ್ಟಿದ್ದೆ, ಅದನ್ನು ಕೌಂಟರ್ ಮೇಲೆ ಇಟ್ಟ ತಕ್ಷಣ ಅಂಗಡಿಯವರು ಮೇಲಿನ ಅಟ್ಟದಿಂದ ತೆಗೆದುಕೊಟ್ಟರು. ಗ್ಯಾರೇಜಿನಲ್ಲಿ ಹಳೇ ಪೈಪ್ ಬಿಸಾಡೋಕೆ ಬಿಡಬೇಡಿ, ಮುರಿದಿದ್ದರೂ ಪರವಾಗಿಲ್ಲ.

ಸಣ್ಣ ನೇರ ಪೈಪು ಮಾತ್ರ ಸಿಗಲಿಲ್ಲ. ಅದಕ್ಕೆ ಫ್ಯೂಯೆಲ್ ಪೈಪ್ ಹಾಕಿದೆವು. ಅದರ ಮೈಮೇಲೆ ಎಸ್‌ಎಇ ಜೆ30 ಆರ್7 ಅಂತ ಅಚ್ಚಾಗಿರುತ್ತೆ, ಅಂಥದ್ದು ಪೆಟ್ರೋಲ್, ಆಯಿಲ್ ಹಬೆ ಎರಡನ್ನೂ ತಡೆಯುತ್ತೆ. ಜೆ20 ಅಂತ ಇದ್ದರೆ ಅದು ಕೂಲೆಂಟ್ ಪೈಪು, ಅಲ್ಲೇ ಬಿಡಿ. ಏನೂ ಬರೆದಿಲ್ಲದಿದ್ದರೆ ಇನ್ನೂ ಬೇಡ. ಒಳಗಿನ ಅಳತೆ, ಪೈಪ್ ಸಿಕ್ಕಿಸುವ ನಳಿಗೆಗೆ ಬಿಗಿಯಾಗಿ ಕೂರುವಂತಿರಬೇಕು, ಗೋಡೆ ದಪ್ಪ ಇರಬೇಕು. ನೀಲಿ ಕೆಂಪು ಬಣ್ಣದ ಸಿಲಿಕಾನ್ ಪೈಪು ಆನ್‌ಲೈನ್‌ನಲ್ಲಿ ಸಿಗುತ್ತಲ್ಲ, ನೋಡೋಕೆ ಚಂದ, ನನಗೂ ಆಸೆ ಆಗಿತ್ತು. ಒಳಗೆ ಎಣ್ಣೆ ತಡೆಯುವ ಪದರ ಇಲ್ಲದ ಸಾದಾ ಸಿಲಿಕಾನ್ ಕೂಡ ಆಯಿಲ್ ಹಬೆಗೆ ಬೆವರುತ್ತೆ, ಮೆತ್ತಗಾಗುತ್ತೆ.

ಬಿಚ್ಚುವಾಗ ಹಳೇ ಪೈಪನ್ನು ಜಗ್ಗಬೇಡಿ. ವಾಲ್ವ್ ಕವರಿನ ನಳಿಗೆ ಮುರಿದರೆ ಇಡೀ ಕವರ್ ಹುಡುಕಬೇಕಾಗುತ್ತೆ. ಬ್ಲೇಡಿನಿಂದ ಉದ್ದಕ್ಕೆ ಗೀರಿ ಸುಲಿಯಿರಿ, ಎಂಜಿನ್ ತಣ್ಣಗಿರುವಾಗ. ಮುರಿದ ಚೂರು ನಳಿಗೆಯೊಳಗೆ ಉಳಿದಿದೆಯಾ ನೋಡಿ, ಮ್ಯಾನಿಫೋಲ್ಡ್ ಕಡೆ ಉಳಿದರೆ ಸ್ಟಾರ್ಟ್ ಮಾಡಿದ ಕೂಡಲೇ ಒಳಗೆ ಎಳೆದುಕೊಳ್ಳುತ್ತೆ. ಪಿಸಿವಿ ವಾಲ್ವ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಟಕ ಟಕ ಶಬ್ದ ಬರಬೇಕು. ಬರದಿದ್ದರೆ ಅದೂ ಕಟ್ಟಿದೆ. ಎಲ್ಲ ಹಾಕಿದ ಮೇಲೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ದಪ್ಪ ಕಾಗದ ಇಡಿ. ಮೆಲ್ಲಗೆ ಅಂಟಿಕೊಂಡರೆ ಸರಿ, ಎತ್ತಿ ಎಸೆದರೆ ಎಲ್ಲೋ ಇನ್ನೂ ಮುಚ್ಚಿದೆ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಅಷ್ಟೇ ಓಡಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಒಳಗಿನ ನೀರಿನ ಹಬೆ ಆಯಿಲ್ ಜೊತೆ ಸೇರಿ ಮುಚ್ಚಳದ ಕೆಳಗೂ ಬ್ರೀದರ್ ಒಳಗೂ ಬೆಣ್ಣೆ ಹಾಗೆ ಕಟ್ಟುತ್ತೆ. ಅದನ್ನು ನೋಡಿ, ಕೂಲೆಂಟ್ ಆಯಿಲ್‌ಗೆ ಸೇರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನುವವರೂ ಇದ್ದಾರೆ. ಕೂಲೆಂಟ್ ಕಡಿಮೆಯಾಗುತ್ತಿದೆಯಾ ಮೊದಲು ನೋಡಿ. ಇಲ್ಲ ಅಂದರೆ ಒರೆಸಿ, ಪೈಪ್ ತೊಳೆದು, ಒಂದು ಉದ್ದದ ಓಟ ಓಡಿಸಿ ಬನ್ನಿ.

ಇನ್ನೊಬ್ಬರು, "ಪೈಪೇ ಬೇಡ, ಮ್ಯಾನಿಫೋಲ್ಡ್‌ಗೆ ಬಿರಡೆ ಹಾಕಿ ಬ್ರೀದರ್ ಕೆಳಗೆ ರೋಡಿಗೆ ಬಿಟ್ಬಿಡಿ, ಹಳೇ ಬುಲೆಟ್ ಥರ" ಅಂತಲೂ ಸಲಹೆ ಕೊಟ್ಟರು. ಆ ಹಬೆಯಲ್ಲಿ ಉರಿಯದ ಪೆಟ್ರೋಲ್ ಇರುತ್ತೆ, ಅದು ಎಸಿ ಜೊತೆ ಮಕ್ಕಳು ಕೂತ ಕ್ಯಾಬಿನ್ನಿಗೆ ಬರುತ್ತೆ, ನಮ್ಮೂರಿನ ಧೂಳು ಎಂಜಿನ್ ಒಳಗೆ ಹೋಗುತ್ತೆ. ಕೇಳಬೇಡಿ.

ಎಲ್ಲ ಮುಗಿದ ಮೇಲೆ ಸೀಳಿದ ಪೈಪ್ ಹಿಡಿದುಕೊಂಡು ಮೊದಲನೇ ಗ್ಯಾರೇಜಿಗೆ ಹೋದೆ. ಜಗಳಕ್ಕಲ್ಲ, ದುಡ್ಡು ವಾಪಸ್ ಬರಲ್ಲ ಅಂತ ನನಗೂ ಗೊತ್ತಿತ್ತು, ತೋರಿಸೋಣ ಅಂತ. ಓನರ್ ತಿರುಗಿಸಿ ನೋಡಿದರು, ಬೆರಳಿಗೆ ಹತ್ತಿದ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು. "ಇಷ್ಟು ವರ್ಷದಿಂದ ಇದನ್ನೇ ಹಾಕ್ತಿದ್ದೀವಿ ಸಾರ್, ಯಾರೂ ಬಂದು ಹೇಳಿಲ್ಲ" ಅಂದರು. ಅವರ ಹಿಂದೆ ಒಂದು ಹಳೇ ಓಮ್ನಿಯ ಸೀಟ್ ಎತ್ತಿಟ್ಟಿತ್ತು, ಹುಡುಗ ಗೋಡೆಯ ಸುರುಳಿಯಿಂದ ಪೈಪ್ ಅಳೆಯುತ್ತಿದ್ದ.